ಬಾಜೂದವರ ಗದ್ದಲ

ವಟ್ವಾ ಕೈಗಾರಿಕಾ ಪ್ರದೇಶದ ಬಣ್ಣದ ಕಾರ್ಖಾನೆಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತ ನನಗೂ ಆ ಕೆಲಸ ಕಲಿಸುತ್ತಿದ್ದ ಹಿರಿಯರು ಗದಗದ ಕಡೆಯವರು. ಯಾವ ಯಂತ್ರ ಕೆಟ್ಟರೂ ಅದರ ಡಬ್ಬಿಯ ಮೇಲೆ ಅಂಗೈಯಿಟ್ಟು, ಜ್ವರ ನೋಡುವವರಂತೆ ಸುಮ್ಮನೆ ನಿಲ್ಲುತ್ತಿದ್ದರು. ಆಮೇಲೆ ಒಂದೇ ಮಾತು: "ಮೊದ್ಲ ಬಾಜೂದವ್ರನ್ನ ನೋಡೋ ತಮ್ಮಾ."

ಒಂದು ಬೆಳಿಗ್ಗೆ ಹಳೆಯ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಮತ್ತೆ ಮತ್ತೆ ಕಾಣೆಯಾಗತೊಡಗಿತು. ಬಣ್ಣ ಬೆರೆಸುವ ಅಳತೆಗಳೆಲ್ಲ ಅದರಲ್ಲೇ ಇದ್ದವು, ಬೇರೆಲ್ಲೂ ಪ್ರತಿಯಿರಲಿಲ್ಲ. ಎರಡು ಸಲ ಡ್ರೈವರ್ ಹಾಕಿ ಸೋತ ನಾನು ಡಿಸ್ಕನ್ನೇ ಪೂರ್ತಿ ಅಳಿಸಿ ಫಾರ್ಮ್ಯಾಟ್ ಮಾಡಲು ಹೊರಟಿದ್ದೆ. ಅವರು ನನ್ನ ಕೈ ಹಿಡಿದರು. ಡಬ್ಬಿ ಬಿಚ್ಚಿ, ಹಿಂದಿನ ದಿನ ನಾನೇ ಕೂರಿಸಿದ್ದ ನೆಟ್‌ವರ್ಕ್ ಕಾರ್ಡನ್ನು ಮುಟ್ಟಿ ತೋರಿಸಿದರು.

"ಇದೂ ಡಿಸ್ಕೂ ಒಂದ ಇಂಟರಪ್ಟ್ ಲೈನಿನ್ಯಾಗ ಪ್ರೊಸೆಸರನ್ನ ಕರೀಲಿಕ್ಕತ್ತಾವ. ಈ ಹೊಸಾದರ ಗದ್ಲದಾಗ ಡಿಸ್ಕಿನ ದನಿ ಯಾರಿಗೆ ಕೇಳಬೇಕು?"

ಕಾರ್ಡನ್ನು ಬೇರೆ ಸ್ಲಾಟಿಗೆ ಹಾಕಿದರು. ಡಿಸ್ಕ್ ಮರಳಿತು, ಅಳತೆಗಳೂ ಇದ್ದವು.

ಅಷ್ಟರಲ್ಲಿ ಮಾಲೀಕರು ಬಂದು, ಕೆಡಿಸಿದ್ದು ಯಾರೆಂದು ಕೇಳಿದರು. "ಕುಛ್ ನಹೀ ಶೇಠ್, ಧೂಲ್ ಥೀ" ಎಂದು ತಪ್ಪನ್ನೆಲ್ಲ ಧೂಳಿನ ಮೇಲೆ ಹಾಕಿದ ಹಿರಿಯರು, ಆ ಹೊಚ್ಚಹೊಸ ಕಾರ್ಡಿನ ಮೇಲೆ ಗಲ್ಲ ಉಬ್ಬಿಸಿ ಊದಿದರು.

ಈಗ ಅದೇ ನಗರದ ಸ್ಯಾಟಲೈಟ್ ಬಡಾವಣೆಯ ನಮ್ಮ ಆಫೀಸಿನಲ್ಲಿ ಹೊಸದಾಗಿ ಸೇರಿದವರು ಏನಾದರೂ ಕೆಡಿಸಿಕೊಂಡರೆ, ಮ್ಯಾನೇಜರ್ ಬರುವ ಹೊತ್ತಿಗೆ ನಾನೂ ಊದುತ್ತೇನೆ. ಇಲ್ಲದ ಧೂಳನ್ನು ಆ ಹಿರಿಯರಷ್ಟು ಚೆನ್ನಾಗಿ ಹಾರಿಸಲು ಬರುವುದಿಲ್ಲ.