ಬೌಲಿನ ರೆಕ್ಕೆಯ ಓರೆ
ಕಳಸದ ಪಂಪ್ ರಿಪೇರಿ ಅಂಗಡಿಗೆ ನಾನು ಸೇರಿದ ಮೇಲಿನ ನಾಲ್ಕನೇ ಬೇಸಿಗೆ ಅದು. ಅಂಗಡಿಯ ಯಜಮಾನರು ಕುದುರೆಮುಖದಲ್ಲಿ ಗಣಿ ನಡೆಯುತ್ತಿದ್ದಾಗ ಪಂಪ್ ಫಿಟ್ಟರ್ ಆಗಿದ್ದವರು. ಐಟಿಐ ಕಲಿತ ಹೆಣ್ಣುಮಗಳಾದ ನನಗೆ ಕೆಲಸ ಕೊಡಲು ಬೇರೆಯವರು ಹಿಂದೆಮುಂದೆ ನೋಡಿದಾಗ, ಅವರು ಕೈಗೆ ಸ್ಪ್ಯಾನರ್ ಕೊಟ್ಟು, ಎದುರಿಗಿದ್ದ ಪಂಪನ್ನು ಬಿಚ್ಚಲು ಹೇಳಿದ್ದರು.

ಕಾಫಿ ಹೂವಿಗೆ ನೀರು ಹಾರಿಸುವ ದಿನಗಳು. ಹತ್ತಿರದ ತೋಟದ ಅಮ್ಮನವರೊಬ್ಬರ ಸಬ್‌ಮರ್ಸಿಬಲ್ ಪಂಪನ್ನು ನಾನೇ ರಿಪೇರಿ ಮಾಡಿ ಬೋರ್‌ವೆಲ್ಲಿಗೆ ಇಳಿಸಿ ಬಂದಿದ್ದೆ. ಮರುದಿನವೇ ಅವರ ಫೋನು. ಮೋಟಾರು ತಿರುಗುತ್ತಿದೆಯಂತೆ, ಆದರೆ ಗುಡ್ಡದ ಮೇಲಿನ ಟ್ಯಾಂಕಿಗೆ ನೀರು ದಾರದಂತೆ ಬೀಳುತ್ತಿದೆಯಂತೆ.

ಪಂಪನ್ನು ಮತ್ತೆ ಮೇಲೆತ್ತಿ ಅಂಗಡಿಗೆ ತಂದು ಬಿಚ್ಚಿದೆ. ಶಾಫ್ಟು, ಬುಷ್, ಹೊಸ ಇಂಪೆಲ್ಲರ್ ಎಲ್ಲವೂ ಸರಿ ಇದ್ದವು. ಪಂಪಿನೊಳಗೆ ಒಂದರ ಮೇಲೊಂದು ಕೂರುವ ಬಟ್ಟಲಿನಂಥ ಬೌಲ್‌ಗಳಲ್ಲಿ ನಾನು ಹಾಕಿದ್ದ ಒಂದನ್ನು ಯಜಮಾನರು ಎತ್ತಿಕೊಂಡು, ಗುಜರಿಗೆ ಎಸೆದಿದ್ದ ಹಳೆಯದನ್ನೂ ತರಿಸಿ ಪಕ್ಕದಲ್ಲಿಟ್ಟರು.

ತಿರುಗುವ ಇಂಪೆಲ್ಲರ್ ಎಸೆದ ನೀರನ್ನು ಬೌಲಿನೊಳಗಿನ ಬಾಗಿದ ರೆಕ್ಕೆಗಳು ಹಿಡಿದು, ನಿಧಾನಿಸಿ, ಆ ವೇಗವನ್ನು ಒತ್ತಡವಾಗಿಸಿ ಮೇಲಿನ ಹಂತಕ್ಕೆ ದಾಟಿಸುತ್ತವೆ. ಹಳೆಯ ರೆಕ್ಕೆಗಳನ್ನು ಮರಳು ತಿಂದಿತ್ತು. ಅಳತೆ ಸರಿಯಾಗಿ ಕೂತಿತೆಂದು ಬೇರೆ ಮಾದರಿಯ ಬೌಲ್‌ಗಳನ್ನು ನಾನು ಹಾಕಿದ್ದೆ.

“ಅಳತೆ ನೋಡಿದ್ಯೇ ಹೊರತು ರೆಕ್ಕೆ ನೋಡ್ಲಿಲ್ಲ ಮಾರಾಯ್ತಿ,” ಎಂದರು ಯಜಮಾನರು. “ನೀರು ಬರೋ ಓರೆಗೇ ರೆಕ್ಕೆ ಬಾಗಿರ್ಬೇಕು. ಇಲ್ದಿದ್ರೆ ಅದಕ್ಕೆ ಬಡ್ದು ಸುಳಿ ಸುತ್ತಿ, ನೀರಿನ ಶಕ್ತಿ ಅಲ್ಲೇ ಮುಗೀತದೆ.”

ಬೆರಳಾಡಿಸಿ ನೋಡಿದೆ. ಹಳೆಯದರ ರೆಕ್ಕೆ ಮಲಗಿದಂತೆ ಮೆಲ್ಲಗೆ ಏರುತ್ತಿತ್ತು, ನಾನು ಹಾಕಿದ್ದರದು ನೆಟ್ಟಗೆ ನಿಂತಿತ್ತು. ಮುಖ ಬಿಸಿಯಾಯಿತು. ಕರೆಂಟಿನ ಮೇಲೆ ತಪ್ಪು ಹೊರಿಸಿದ್ದರೂ ತೋಟದವರು ನಂಬುತ್ತಿದ್ದರೇನೋ. ಎರಡೂ ಬೌಲ್‌ಗಳನ್ನು ಚೀಲಕ್ಕೆ ಹಾಕಿಕೊಂಡು ಅವರ ಮನೆಗೇ ಹೋದೆ.

“ತಪ್ಪು ನಂದೇ ಅಮ್ಮ. ಹೊಂದದ ಬೌಲ್ ಹಾಕಿದ್ದೆ.”

ಅವರು ಎರಡೂ ಬೌಲ್‌ಗಳನ್ನು ಕೈಗೆತ್ತಿಕೊಂಡು, ನನ್ನಂತೆಯೇ ಬೆರಳಾಡಿಸಿ, ಇಷ್ಟು ಸಣ್ಣ ವ್ಯತ್ಯಾಸಕ್ಕೆ ನೀರು ಗುಡ್ಡ ಹತ್ತುವುದಿಲ್ಲವೇ ಎಂದು ಕೇಳಿದರು. ನನಗೆ ತಿಳಿದಷ್ಟು ವಿವರಿಸಿದೆ. ಊಟ ಹಾಕದೆ ಅವರು ಕಳಿಸಲಿಲ್ಲ.

ಮರುದಿನ ಚಿಕ್ಕಮಗಳೂರಿನಿಂದ ಬಸ್ಸಿನಲ್ಲಿ ಸರಿಯಾದ ಬೌಲ್‌ಗಳು ಬಂದವು. ಜೋಡಿಸಿ, ಇಳಿಸಿ, ಸ್ವಿಚ್ ಒತ್ತಿ ಗುಡ್ಡ ಹತ್ತಿದೆ. ಅಮ್ಮನೂ ಏದುಸಿರು ಬಿಡುತ್ತ ಹಿಂದೆಯೇ ಬಂದರು. ಪೈಪು ಎರಡು ಸಲ ಕೆಮ್ಮಿ, ಬಾಯಿ ತುಂಬ ನೀರು ಸುರಿಸಿತು.

ಟ್ಯಾಂಕ್ ತುಂಬುವವರೆಗೂ ಇಬ್ಬರೂ ಅಲ್ಲೇ ಬಂಡೆಯ ಮೇಲೆ ಕೂತೆವು. ಕೊಟ್ಟಿಗೆಹಾರದಲ್ಲಿರುವ ತಂಗಿಯ ತೋಟದಲ್ಲೂ ಒಂದು ಪಂಪ್ ಕೆಟ್ಟಿದೆ, ಅದರ ರಿಪೇರಿಗೆ ನಾನೇ ಬರಬೇಕು, ಅಂಗಡಿಯಿಂದ ಬೇರೆ ಯಾರನ್ನೂ ಕಳಿಸಬಾರದು ಎಂದು ಅಮ್ಮ ಹೇಳಿದರು.