ಹಡಗಿನ ಊಟಕ್ಕೆ ಕರೆಯುವವರಿಲ್ಲ

೧೯೮೬ನೆಯ ಇಸವಿಯಲ್ಲಿ, ಪಾರಿಶ್ವಾಡದ ಸಾಲಿಯಲ್ಲಿ ಏಳನೆಯ ಇಯತ್ತೆಯನ್ನು ಅರ್ಧ ಓದಿ, ಮಿಕ್ಕರ್ಧವನ್ನು ಮಾಸ್ತರರ ಬಳಿಯೇ ಬಿಟ್ಟು, ನಾನು ಬೆಳಗಾವಿಗೆ ಬಂದು ಸೋದರಮಾವನ ಖಾನಾವಳಿಯಲ್ಲಿ ರೊಟ್ಟಿ ಬುಟ್ಟಿ ಹಿಡಿದೆ. ಬಿದಿರಿನ ಬುಟ್ಟಿ, ಅದರೊಳಗೊಂದು ಬಿಳಿಯ ಅರಿವೆ, ಅರಿವೆಯ ಮಡಿಕೆಯಲ್ಲಿ ಉಸಿರಾಡುವ ಬಿಸಿ ಜೋಳದ ರೊಟ್ಟಿ. ಅದನ್ನು ಎಡತೋಳಿನಲ್ಲಿ ಅವುಚಿಕೊಂಡು ಮೇಜಿನಿಂದ ಮೇಜಿಗೆ ನಡೆಯುವುದು ನನ್ನ ದೇಹಕ್ಕೆ ಎಷ್ಟು ಒಗ್ಗಿಹೋಗಿದೆಯೆಂದರೆ, ನನ್ನ ಮದುವೆಯ ಫೋಟೋದಲ್ಲಿಯೂ ಎಡತೋಳು ಏನನ್ನೋ ಹಿಡಿದಂತೆ ಬಾಗಿಯೇ ಇದೆ. ನೋಡಿದವರು ಮದುಮಗನ ಕೈಗೆ ಏನಾಗಿತ್ತು ಎಂದು ಮರುಕದಿಂದ ಕೇಳುತ್ತಾರೆ. ಸಾಲಿ ಬಿಟ್ಟೆನೇ ಹೊರತು ಓದು ಬಿಡಲಿಲ್ಲ. ಪಾರ್ಸಲು ಕಟ್ಟಲು ತಂದ ಹಳೆಯ ಪತ್ರಿಕೆಗಳನ್ನು ಓದಿಯೇ ಮಡಚುವವ ನಾನು. ಹಾಗಾಗಿ ನನ್ನ ಜ್ಞಾನದಲ್ಲಿ ಅಲ್ಲಲ್ಲಿ ಎಣ್ಣೆಯ ಕಲೆಗಳಿದ್ದರೆ ನೀವು ಸುಧಾರಿಸಿಕೊಳ್ಳಬೇಕು.

ಈಗ ಲೇಖನಿ ಹಿಡಿದದ್ದಕ್ಕೂ ರೊಟ್ಟಿಯೇ ಕಾರಣ. ಹೋದ ಚಳಿಗಾಲದಲ್ಲಿ ನಾನೂ ನನ್ನ ಹೆಂಡತಿ ನೀಲವ್ವನೂ ಮುಂಬಯಿಯಲ್ಲಿ ಒಂದು ಭಾರೀ ಪ್ರವಾಸಿ ಹಡಗನ್ನು ಹತ್ತಿ, ಸಮುದ್ರದ ಮೇಲೆ ಓಡಾಡಿ, ಮತ್ತೆ ಮುಂಬಯಿಯಲ್ಲೇ ಇಳಿದು ಬಂದೆವು. ಹತ್ತಿದ ಜಾಗದಲ್ಲೇ ಇಳಿಯುವುದಕ್ಕೆ ಅಷ್ಟು ದೊಡ್ಡ ಹಡಗು ಯಾಕೆ ಬೇಕು ಎಂದು ನೀವು ಕೇಳಬಹುದು. ನಾನೂ ಕೇಳಿದ್ದೆ, ಕೇಳುತ್ತಲೇ ಹತ್ತಿದೆ. ಅಂದಿನಿಂದ, ಮಾವನ ನಂತರ ನನ್ನ ಪಾಲಿಗೆ ಬಂದ ಈ ಖಾನಾವಳಿಗೆ ಬಂದವರೆಲ್ಲ “ಹಡಗ ಹೆಂಗಿತ್ರೀ ಮಾಲಕ್ರ?” ಎನ್ನುತ್ತಾರೆ. ಹೇಳುತ್ತ ನಿಂತರೆ ಬುಟ್ಟಿಯ ರೊಟ್ಟಿ ಆರುತ್ತದೆ. ಆದ್ದರಿಂದ ಒಮ್ಮೆ ಬರೆದುಬಿಡುತ್ತೇನೆ. ಇನ್ನು ಮುಂದೆ ಕೇಳಿದವರಿಗೆ ಓದಲು ಕೊಟ್ಟು, ಅವರ ತಾಟಿನ ಕಡೆ ಲಕ್ಷ್ಯ ಕೊಡಬಹುದು.

ಈ ತಾಟಿನ ಕಡೆ ಲಕ್ಷ್ಯ ಕೊಡುವುದೇ ನಮ್ಮ ಕಸುಬಿನ ಜೀವಾಳ. ಎಣಗಾಯಿ ಪಲ್ಯ, ಶೇಂಗಾ ಹಿಂಡಿ, ಝುಣಕ, ಮೊಸರು ಯಾವ ಖಾನಾವಳಿಯಲ್ಲಿಲ್ಲ? ಆದರೆ ಬಂದವರನ್ನು ಬಾಗಿಲಲ್ಲೇ “ಬರ್ರಿ, ಕುಂದರ್ರಿ” ಎಂದು ಕರೆಯಬೇಕು, ಕೂತವರಿಗೆ ಒತ್ತಾಯ ಮಾಡಿ ಬಡಿಸಬೇಕು. ನಮ್ಮ ಕಡೆಯ ಮನುಷ್ಯ ಮೊದಲ ಸಲ “ಸಾಕ್ರಿ” ಎಂದರೆ ಅದು ಬರೀ ಮರ್ಯಾದೆ, ಎರಡನೆಯ ಸಲ ಅಂದರೆ ಸಂಕೋಚ. ಮೂರನೆಯ ಸಲ ತಾಟಿನ ಮೇಲೆ ಅಡ್ಡ ಕೈ ಹಿಡಿದು ಹೇಳಿದಾಗಷ್ಟೇ ಅದು ಅವನ ಹೊಟ್ಟೆಯ ಮಾತು. ಆ ಕೈಯ ಕೆಳಗೂ ಒಂದು ರೊಟ್ಟಿ ತೂರಿಸಬಲ್ಲವನು ಈ ಬೆಳಗಾವಿಯಲ್ಲಿ ನಾನೊಬ್ಬನೇ ಎಂದು ನನಗೆ ಹೆಮ್ಮೆಯುಂಟು. ಬಸವಣ್ಣನ ದಾರಿ ಹಿಡಿದ ಮನೆತನ ನಮ್ಮದು. ಮಂದಿಗೆ ಉಣ್ಣಲು ಹಾಕುವುದನ್ನು ವ್ಯಾಪಾರ ಎನ್ನಲು ಇನ್ನೂ ನಾಲಿಗೆ ತಡವರಿಸುತ್ತದೆ, ಗಲ್ಲಾಪೆಟ್ಟಿಗೆಯ ಮುಂದೆ ಕೂತಾಗಲೂ.

ಆ ರೊಟ್ಟಿಗಳನ್ನೆಲ್ಲ ಬಡಿಯುವವಳು ನೀಲವ್ವ. ಮಧ್ಯಾಹ್ನದ ಗದ್ದಲ ಮುಗಿದ ಮೇಲೆ ಒಲೆಯ ಬಾಜೂ ನೆಲಕ್ಕೆ ಕೂತು, ಉಳಿದದ್ದನ್ನು ಬುಟ್ಟಿಯಿಂದಲೇ ಎತ್ತಿಕೊಂಡು ಉಣ್ಣುವುದು ಅವಳ ರೂಢಿ. ಖಾನಾಪುರದಲ್ಲಿ ಮಾಸ್ತರಿಕೆ ಮಾಡುವ ನಮ್ಮ ಮಗಳು ಸುನಂದಾ ಹಡಗಿನ ಟಿಕೀಟು ತಂದು ಕೈಯಲ್ಲಿಟ್ಟು, “ಊಟ ಗೀಟ ಎಲ್ಲಾ ಅದರಾಗ ಬಂತು, ನೀವು ಬರೇ ಹೋಗೂದು” ಎಂದಾಗ, ನೀಲವ್ವ ಹಿಟ್ಟಿನ ಕೈ ತೊಳೆಯದೆಯೇ ತನ್ನ ಕರಾರು ಹೇಳಿದಳು.

“ಬರ್ತೀನಿ. ಆದ್ರ ನಾ ಕುಂತಲ್ಲಿಂದ ಏಳಾಂಗಿಲ್ಲ. ಒಮ್ಮೆರ ಯಾರರ ತಂದು ಬಡಿಸ್ಬೇಕು, ನಾ ಉಣ್ಣಬೇಕು.”

“ಬಡಿಸ್ತಾರ. ನಾ ಮಾತ ಕೊಡ್ತೀನಿ,” ಎಂದೆ.

ಎದುರಿಗೆ ನಮ್ಮ ಕಾಯಂ ಗಿರಾಕಿ ವಕೀಲ ಸಾಹೇಬರು ಉಣ್ಣುತ್ತಿದ್ದರು. ಮಾತು ಎಲ್ಲಿ ಬಿದ್ದರೂ ಅವರಿಗೆ ಅದರಲ್ಲೊಂದು ಖಟ್ಲೆ ಕಾಣುತ್ತದೆ. “ಬಡಿಸ್ಲಿಲ್ಲಂದ್ರ ಏನು ದಂಡ?” ಎಂದು ಕೇಳಿದರು.

“ಒಂದ ತಿಂಗಳ ರೊಟ್ಟಿ ನಾನ ಬಡೀತೀನ್ರಿ,” ಎಂದುಬಿಟ್ಟೆ.

“ಹಂಗಾದ್ರ ಆ ತಿಂಗಳ ನಮಗ್ಯಾಕ್ರೀ ದಂಡ?” ಎಂದರು ಸಾಹೇಬರು.

ಹೀಗೆ ನಾನು ಹಡಗು ಹತ್ತಿದಾಗ ನನ್ನ ಬಳಿ ಒಂದು ಬ್ಯಾಗು, ಒಂದು ಡಬ್ಬಿ ಶೇಂಗಾ ಹಿಂಡಿ ಮತ್ತು ಒಂದು ಜಬರದಸ್ತ್ ಮಾತು ಇದ್ದವು.

ಹಡಗಿನ ವರ್ಣನೆ ಬೇಕಲ್ಲ, ಮಾಡುತ್ತೇನೆ. ಖಾನಾಪುರದ ಸ್ನಾನಘಟ್ಟದಲ್ಲಿ ಮಲಪ್ರಭೆಯಲ್ಲಿ ಮುಳುಗು ಹಾಕಿದ್ದು ಬಿಟ್ಟರೆ ನೀರಿನ ಸಂಗಡ ನನಗೆ ಹೆಚ್ಚಿನ ಬಳಕೆಯಿರಲಿಲ್ಲ. ನಮ್ಮ ಬಸ್ ಸ್ಟ್ಯಾಂಡಿನ ಮೇಲೆ ಇನ್ನೊಂದು ಬಸ್ ಸ್ಟ್ಯಾಂಡು, ಅದರ ಮೇಲೆ ಕೋಟೆ, ಕೋಟೆಯ ಮೇಲೊಂದು ಲಗ್ನದ ಮಂಟಪ ಇಟ್ಟು, ಎಲ್ಲಕ್ಕೂ ಬಿಳಿಯ ಸುಣ್ಣ ಹೊಡೆದು, ಅದನ್ನು ನೀರಿಗೆ ನೂಕಿದರೆ ಹೇಗೋ ಹಾಗಿತ್ತು ಅದು. ಎಲ್ಲಕ್ಕಿಂತ ಮೇಲೆ ಒಂದು ಈಜುಗೊಳ. ಸಮುದ್ರದ ಮೇಲೆ ಹಡಗು, ಹಡಗಿನ ಮೇಲೆ ಹೊಂಡ. ಸುತ್ತ ಕಣ್ಣು ಹಾಯುವಷ್ಟು ನೀರಿರುವಾಗ ಜನ ಬಂದು ಆ ಚೂರು ನೀರಿನಲ್ಲಿ ಒಬ್ಬರ ಮೇಲೊಬ್ಬರು ಬಿದ್ದು ತೇಲುತ್ತಿದ್ದರು. ನಮ್ಮ ಕೋಣೆಗೆ ಕಿಟಕಿ ಇರಲಿಲ್ಲ. ಇದನ್ನು ಆಮೇಲೆ ಕೇಳಿದ ವಕೀಲ ಸಾಹೇಬರು, ತಮ್ಮ ಕೆಲವು ಪಕ್ಷಗಾರರಿಗೆ ಹಿಂಡಲಗಾ ಜೈಲಿನಲ್ಲಿ ಇದಕ್ಕಿಂತ ಹೆಚ್ಚು ಗಾಳಿ ಸಿಗುತ್ತದೆ ಎಂದರು. ಮುಳುಗಿದರೆ ಏನು ಮಾಡಬೇಕೆಂದು ಹತ್ತಿದ ಕೂಡಲೇ ಕಲಿಸಿದರು. ಕೇಸರಿ ಬಣ್ಣದ ಉಬ್ಬುಗವಚವನ್ನು ಇಳಕಲ್ಲ ಸೀರೆಯ ಮೇಲೆ ತೊಟ್ಟ ನೀಲವ್ವ, ಈಗಷ್ಟೇ ಹತ್ತಿಸಿಕೊಂಡವರು ಮುಳುಗುವ ಮಾತಾಡುತ್ತಾರಲ್ಲ, ಇವರು ಊಟ ಹೇಗೆ ಹಾಕಿಯಾರು ಎಂದು ಸಂಶಯಪಟ್ಟಳು.

ಆ ಸಂಶಯಕ್ಕೆ ಅನ್ನ ನೀರು ಸಿಕ್ಕಿದ್ದು ಮೇಲಂತಸ್ತಿನ ಭೋಜನಶಾಲೆಯಲ್ಲಿ. ಒಳಗೆ ಕಾಲಿಟ್ಟರೆ ಅಬ್ಬಾ ಎನ್ನುವಷ್ಟು ಪದಾರ್ಥ: ಹಣ್ಣಿನ ಗೋಪುರ, ಬ್ರೆಡ್ಡಿನ ಒಡ್ಡು, ಒಂದು ಮೂಲೆಯಲ್ಲಿ ಐಸಿನಲ್ಲಿ ಕೆತ್ತಿದ ಹಂಸ. ಎಲ್ಲ ಇತ್ತು, ಕರೆಯುವವರು ಮಾತ್ರ ಇರಲಿಲ್ಲ. ತಾಟು ನೀವೇ ಎತ್ತಬೇಕು, ಪಾಳಿ ಹಚ್ಚಿ ಸಾಲಿನಲ್ಲಿ ನೀವೇ ನಿಲ್ಲಬೇಕು, ನೀವೇ ಬಡಿಸಿಕೊಂಡು, ಜಾಗ ನೀವೇ ಹುಡುಕಬೇಕು. ನೀಲವ್ವ ಒಂದು ಕುರ್ಚಿ ಹಿಡಿದು ಗಟ್ಟಿಯಾಗಿ ಕೂತಳು. ನಾವು ಕಾದೆವು. ಯಾರೂ ಬರಲಿಲ್ಲ, ಬಂದವರು ಖಾಲಿ ತಾಟು ಎತ್ತುವವರು, ಅವರಿಗೆ ಎತ್ತಲು ನಮ್ಮ ಮುಂದೆ ಏನೂ ಇರಲಿಲ್ಲ.

“ಏನ್ರೀ, ಇದು ಊಟದ ಪಾಳಿನೋ, ರೇಶನ್ನಿನ ಪಾಳಿನೋ?” ಎಂದು ಅವಳು ಕೊನೆಗೆ ಕೇಳಿದಳು.

“ಇವತ್ತ ಮೊದಲನೇ ದಿನ. ಗದ್ದಲ ಇರ್ತೈತಿ,” ಎಂದೆ.

“ಗದ್ದಲ ನಾ ನೋಡಿಲ್ಲೇನು?” ಎಂದು ಅವಳೇ ಎದ್ದು ತಾಟು ಹಿಡಿದಳು. ನನ್ನ ಮಾತು ಹಡಗಿಗಿಂತ ಮೊದಲೇ ಮುಳುಗುತ್ತಿರುವುದು ನನಗೆ ಕಾಣಿಸಿತು.

ಹಾಗೆಂದು ಆ ಹಡಗಿನಲ್ಲಿ ಬಡಿಸುವ ಪಂಕ್ತಿಯೇ ಇರಲಿಲ್ಲ ಎಂದಲ್ಲ. ಕೆಳಗಿನ ಅಂತಸ್ತಿನಲ್ಲಿ ಅರಮನೆಯಂಥ ಒಂದು ಹಾಲ್ ಇತ್ತು. ಬಿಳಿಯ ಮೇಜುವಸ್ತ್ರ, ಹೂವಿನ ಕುಡಿಕೆ, ಕೋಟು ತೊಟ್ಟ ಗಂಡಸರು, ಜರಿ ಸೀರೆಯ ಹೆಂಗಸರು, ಬಾಗಿಲಲ್ಲಿ ಕೈ ಕಟ್ಟಿ ಮುಗುಳ್ನಗುವ ಒಬ್ಬ ದೊಡ್ಡ ಮನುಷ್ಯ. ನೋಡಿದ ಕೂಡಲೇ ನನಗೆ ತಿಳಿಯಿತು, ಇದು ಯಾರದೋ ಲಗ್ನ. ಹುಡುಗಿಯ ಕಡೆಯವರು ಸ್ಥಿತಿವಂತರಿರಬೇಕು, ಹಡಗಿನಲ್ಲೇ ಇಟ್ಟುಕೊಂಡಿದ್ದಾರೆ. ಬಾಗಿಲಲ್ಲಿದ್ದವನು ನಮ್ಮತ್ತ ನೋಡಿ ನಕ್ಕನೇ ಹೊರತು ಬರ್ರಿ ಎನ್ನಲಿಲ್ಲ, ಕುಂದರ್ರಿ ಎನ್ನಲಿಲ್ಲ. ಕರೆಯದ ಮನೆಯ ಊಟಕ್ಕೆ ಕಾಲಿಡುವ ಜನ ನಾವಲ್ಲ. ನಾನೂ ಮರ್ಯಾದೆಗೆ ತಿರುಗಿ ನಕ್ಕು, ಮದುಮಕ್ಕಳಿಗೆ ಮನಸ್ಸಿನಲ್ಲೇ ಅಕ್ಷತೆ ಹಾಕಿ ಮುಂದೆ ನಡೆದೆ. ಮರುದಿನ ಸಂಜೆಯೂ ಅಲ್ಲಿ ಅದೇ ಸಂಭ್ರಮ. “ಲಗ್ನ ಇನ್ನೂ ಮುಗಿದಿಲ್ಲ ನೋಡ್ರಿ,” ಎಂದಳು ನೀಲವ್ವ. ಶ್ರೀಮಂತರದು ಹೀಗೆಯೇ, ಎಳೆಯುತ್ತಾರೆ ಎಂದೆ ನಾನು.

ಇತ್ತ ಮೇಲಂತಸ್ತಿನಲ್ಲಿ ನನಗೆ ಇನ್ನೊಂದು ಸಂಕಟ ಶುರುವಾಗಿತ್ತು. ಸುತ್ತಲೂ ಖಾಲಿ ತಾಟುಗಳ ಮುಂದೆ ಜನ ಸುಮ್ಮನೆ ಕೂತಿದ್ದಾರೆ, ಯಾರೂ ಕೇಳುತ್ತಿಲ್ಲ. ಬಾಜೂ ಮೇಜಿನಲ್ಲಿ ಪುಣೆಯ ಕಡೆಯ ಒಬ್ಬ ಅಜ್ಜಿ, ಬ್ರೆಡ್ಡಿನ ಕೊನೆಯ ತುಣುಕಿನಿಂದ ತಾಟು ಒರೆಸಿ, ಪಾಳಿಯ ಉದ್ದ ನೋಡಿ ನಿಟ್ಟುಸಿರು ಬಿಟ್ಟಳು. ನನ್ನ ಎಡತೋಳು ತನ್ನಷ್ಟಕ್ಕೆ ಬಾಗಿತು. ಮುಂದಿನದು ನನ್ನ ಕೈಯಲ್ಲಿರಲಿಲ್ಲ. ಬ್ರೆಡ್ಡಿನ ಬುಟ್ಟಿ ಎತ್ತಿಕೊಂಡೆ, ಅದರ ಮೇಲೆ ಕರವಸ್ತ್ರ ಹೊದಿಸಿದೆ, ಹೊರಟೆ. ಮರಾಠಿ ನಮಗೇನು ಹೊಸದೇ, ಅಜ್ಜಿಗೆ ಅವಳ ಭಾಷೆಯಲ್ಲೇ ಒತ್ತಾಯ ಮಾಡಿದೆ. ಅವಳು ಎರಡು ಸಲ ಬೇಡವೆಂದು ಮೂರು ತೆಗೆದುಕೊಂಡಳು. ಗುಜರಾತಿ ಕುಟುಂಬವೊಂದಕ್ಕೆ ಭಾಷೆ ಇಲ್ಲದೆ ಬರೀ ಹುಬ್ಬಿನಿಂದ ಒತ್ತಾಯಿಸಿದೆ. ಯಾರೋ ನೀರು ಕೇಳಿದರು, ಕೊಟ್ಟೆ. ಇನ್ಯಾರೋ ತಮ್ಮ ಕೋಣೆಯ ನೀರಿನ ಹೀಟರು ಕೆಟ್ಟಿದೆ ಎಂದು ದೂರು ಹೇಳಿದರು, ನೋಡೋಣ ಎಂದೆ. ಹಡಗಿನ ಮೇಲೆ ನಾನು ಖರೇ ಖರೇ ಸೂಟಿಯ, ಅಂದರೆ ರಜೆಯ, ಸುಖ ಅನುಭವಿಸಿದ್ದು ಆಗಲೇ.

ಮೇಲ್ವಿಚಾರಕ ಬಂದು ಬಹಳ ಸಭ್ಯತೆಯಿಂದ ನನ್ನ ಕೋಣೆಯ ನಂಬರು ಕೇಳಿ, ಫೋನಿನಲ್ಲಿ ಏನೋ ಹೇಳಿದ. ನೀಲವ್ವ ದೂರದಿಂದಲೇ, “ತೆಗೆದ ಹಾಕಿದ್ರೇನ್ರೀ ಕೆಲಸದಿಂದ?” ಎಂದಳು. ಅಷ್ಟರಲ್ಲಿ ತೋಳಿಲ್ಲದ ಕಪ್ಪು ಬಂಡಿ ತೊಟ್ಟ ಒಬ್ಬ ಓಡುತ್ತ ಬಂದ. ಸಾವಂತವಾಡಿಯ ಕಡೆಯವನು, ಫ್ರಾನ್ಸಿಸ್ ಎಂದು ಹೆಸರು. ನಮ್ಮ ಮರಾಠಿ ಕೇಳಿ ಅವನ ಮುಖ ಅರಳಿತು, ಕೂಡಲೇ ಬಾಡಿತು.

“ಕಾಕಾ, ನೀವಾ ಅವರು? ಕೆಳಗಿನ ಹಾಲ್‌ನಲ್ಲಿ ನಿಮ್ಮ ಹೆಸರಿನ ಮೇಜು ಇದೆ. ಹತ್ತಿದ ದಿನದಿಂದ ತಾಟು ಇಟ್ಟುಕೊಂಡು ಕಾಯುತ್ತಿದ್ದೇನೆ. ನನ್ನ ಸೇವೆಯಲ್ಲಿ ಏನಾದರೂ ತಪ್ಪಾಯಿತೇ?”

ಅದು ಲಗ್ನವಲ್ಲ, ಹಡಗಿನವರದೇ ಪಂಕ್ತಿ, ಟಿಕೀಟಿನಲ್ಲೇ ಬಂದದ್ದು. ಬ್ರೆಡ್ಡಿನ ಬುಟ್ಟಿ ಕೆಳಗಿಟ್ಟು, ತಪ್ಪು ನಿನ್ನದಲ್ಲಪ್ಪಾ, ನಮ್ಮದು ಎಂದೆ. ತಾಟು ಹಾಕಿ ಕಾಯುವವನ ಮುಂದಿನ ಖಾಲಿ ಕುರ್ಚಿ ಎಂಥದೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಕೊನೆಯ ಸಂಜೆ ನಾವು ಆ ಹಾಲ್‌ಗೆ ಹೋದೆವು. ಫ್ರಾನ್ಸಿಸ್ ಕುರ್ಚಿ ಎಳೆದು ಕೊಟ್ಟ, ಮಡಿಲಿಗೆ ಬಿಳಿಯ ಅರಿವೆ ಹಾಸಿದ. ನೀಲವ್ವ ರಾಣಿಯಂತೆ ಕೂತಳು. ನನ್ನ ಮಾತು ಉಳಿಯಿತು ಎಂದುಕೊಂಡು ನಾನು ನೀರು ಕುಡಿದೆ. ಅವನು ಟೊಮ್ಯಾಟೋ ಸಾರು ತಂದು ಬಾಗಿ ಕೇಳಿದ. ನೀಲವ್ವ ಅವನ ಮರಾಠಿಯಲ್ಲೇ, ಬೇಡವೆಂದು, “ನಕೋ” ಎಂದಳು. ಅವನು ತಲೆಬಾಗಿ ಒಯ್ದುಬಿಟ್ಟ. ಪಲ್ಯ ತಂದ. “ನಕೋ.” ಒಯ್ದ. ಪನೀರು ಬಂತು, ನಕೋ, ಹೋಯಿತು. ಎಂಥ ವಿಧೇಯ ಮನುಷ್ಯ.

“ಒಯ್ದಬಿಟ್ಟನಲ್ರೀ,” ಎಂದಳು ಮೆಲ್ಲಗೆ, ತನ್ನ ಖಾಲಿ ತಾಟು ನೋಡುತ್ತ.

“ನೀ ಬ್ಯಾಡ ಅಂದಿ.”

“ಕೇಳಿದ ಕೂಡ್ಲೇ ಹೂಂ ಅನ್ನಾಕ ನಾ ಏನು ಹಸಗೊಂಡ ಬಂದಾಕಿ? ಇನ್ನೊಮ್ಮೆ ಕೇಳಾಂಗಿಲ್ಲೇನು ಅಂವ?”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ನನಗೆ ನಾಟಿತು. ಇಷ್ಟು ವರ್ಷ ಊರಿನ ಮಂದಿಯ ಮೊದಲ ಬೇಡ, ಎರಡನೆಯ ಬೇಡ, ಮೂರನೆಯ ಬೇಡಗಳ ಭೇದ ಬಲ್ಲವನೆಂದು ಮೀಸೆ ತಿರುವಿದ ನನಗೆ, ನನ್ನ ಹೆಂಡತಿಯ ಬೇಡ ಹೇಗಿರುತ್ತದೆಂದೇ ಗೊತ್ತಿರಲಿಲ್ಲ. ಒಲೆಯ ಬಾಜೂ ಕೂತು ತಾನೇ ಎತ್ತಿಕೊಳ್ಳುವವಳಿಗೆ ಯಾರು ಬೇಕೇ ಎಂದರು, ಅವಳು ಯಾರಿಗೆ ಬೇಡವೆಂದಾಳು? ಬೇಡ ಎನ್ನುವ ಸುಖವೂ ಒಂದಿದೆ ಸ್ವಾಮೀ. ಮತ್ತೊಮ್ಮೆ ಕೇಳುವವರು ಎದುರಿಗಿದ್ದಾರೆ ಎಂಬ ಧೈರ್ಯದ ಮೇಲೆ ನಿಂತ ಸುಖ ಅದು. ಕೇಳುವವನು ಒಂದೇ ಸಲಕ್ಕೆ ಹೊರಟುಹೋದರೆ ಉಳಿಯುವುದು ಬರೀ ಹಸಿವು.

ಎದ್ದೆ. ಫ್ರಾನ್ಸಿಸನ ಕೈಯಿಂದ ಬ್ರೆಡ್ಡಿನ ಬುಟ್ಟಿ ಇಸಿದುಕೊಂಡು ಎಡತೋಳಿಗೆ ಏರಿಸಿ, ನೀಲವ್ವನ ಬಲಕ್ಕೆ ನಿಂತೆ.

“ಒಂದ ಹಾಕ್ಕೋ.”

“ಬ್ಯಾಡ್ರಿ. ಮಂದಿ ನೋಡಾಕತ್ಯಾರ.”

“ನೋಡ್ಲಿ. ಅರ್ಧರ ಹಾಕ್ಕೋ.”

“ಬ್ಯಾಡಂದ್ನೆಲ್ಲ.”

“ಹಿಂಗ ಉಂಡ್ರ ಹೆಂಗ? ನನ್ನ ಮುಖಾ ನೋಡಿ ಹಾಕ್ಕೋ.”

ಅವಳು ತಾಟಿನ ಮೇಲೆ ಅಡ್ಡ ಕೈ ಹಿಡಿದಳು. ಬಳೆ ಸದ್ದಾಯಿತು. ಆ ಕೈಯ ಕೆಳಗೆ ನಾನು ಒಂದಲ್ಲ, ಎರಡು ತೂರಿಸಿದೆ. ಆಮೇಲೆ ಪಲ್ಯ, ಪನೀರು, ಸಾರು, ಹೋದದ್ದೆಲ್ಲ ತಿರುಗಿ ಬಂತು. ನಾವು ಒಯ್ದ ಹಿಂಡಿಯ ಡಬ್ಬಿಯೂ ಸೀರೆಯ ಸೆರಗಿನಿಂದ ಹೊರಬಂತು. ಫ್ರಾನ್ಸಿಸ್ ಕಣ್ಣರಳಿಸಿ ನೋಡುತ್ತ ನಿಂತಿದ್ದ. ಕಸುಬಿನ ಹುರುಪು, ಕೂಡಲೇ ಬಾಜೂ ಮೇಜಿಗೆ ಹೋಗಿ, ಸಾಕೆಂದ ಒಬ್ಬ ಸೂಟುಧಾರಿಯ ಮೇಲೆ ಪ್ರಯೋಗ ಮಾಡಿದ. ಆ ಮನುಷ್ಯ ಬೆದರಿ ಮೂರು ಬ್ರೆಡ್ಡು ತಿಂದ.

ಊರಿಗೆ ಬಂದ ಮೇಲೆ ಖಟ್ಲೆ ವಕೀಲ ಸಾಹೇಬರ ಮುಂದೆ ಬಂತು. ಕುಂತಲ್ಲೇ ಊಟ ಬಂದದ್ದು ಖರೇ, ಆದರೆ ಬಡಿಸಿದವನು ಗಂಡ. ಗಂಡ ‘ಯಾರರ’, ಅಂದರೆ ಯಾರಾದರೂ, ಎಂಬುದರಲ್ಲಿ ಬರುತ್ತಾನೋ ಇಲ್ಲವೋ ಎಂದು ಅವರು ಎಣಗಾಯಿ ಮುಗಿಯುವ ತನಕ ವಾದ ಮಾಡಿ, ನಾನು ಸೋತೆ ಎಂದು ತೀರ್ಪು ಕೊಟ್ಟರು. ದಂಡ ಮಾತ್ರ ನೀಲವ್ವ ಬದಲಿಸಿದಳು. “ಅವರ ಬಡಿದ ರೊಟ್ಟಿ ಯಾರ ತಿಂತಾರ್ರಿ? ಅವ್ರು ಬಡಿಯೂದು ಬ್ಯಾಡ. ಹಡಗದಾಗ ಬಡಿಸಿದ್ರಲ್ಲ, ಅದನ್ನ ಇಲ್ಲೂ ಮಾಡ್ಲಿ.”

ಹಡಗು ಹೆಂಗಿತ್ತು ಎಂದವರಿಗೆ ನನ್ನ ಅಭಿಪ್ರಾಯ ಇಷ್ಟೇ: ನೀರು ಜಾಸ್ತಿ, ಉಪ್ಪೂ ಜಾಸ್ತಿ, ಊಟ ಬೇಕಾದಷ್ಟು, ಒತ್ತಾಯ ಕಡಿಮೆ. ಹೋಗುವವರು ಹೋಗಿ ಬರ್ರಿ, ಆದರೆ ಮೊದಲನೆಯ ಸಲಕ್ಕೇ ಹೂಂ ಅನ್ನುವುದನ್ನು ಮನೆಯಲ್ಲೇ ರೂಢಿ ಮಾಡಿಕೊಂಡು ಹೋಗ್ರಿ.

ಈಗ ಮಧ್ಯಾಹ್ನದ ಗದ್ದಲ ಮುಗಿದ ಮೇಲೆ, ಬಾಗಿಲ ಬಳಿಯ ಮೇಜಿಗೆ ಇನ್ನೊಂದು ತಾಟು ಬೀಳುತ್ತದೆ. ಅದೇ ಬಿದಿರಿನ ಬುಟ್ಟಿ, ಅದೇ ಬಿಳಿಯ ಅರಿವೆ, ಅದೇ ಬಾಗಿದ ತೋಳು. ನನ್ನ ಬಳಿ ಈಗ ಇರುವುದು ಇಷ್ಟು: ಒಂದು ಖಾನಾವಳಿ, ಒಂಬತ್ತು ಮೇಜು, ಎರಡು ಒಲೆ, ಒಂದು ರೊಟ್ಟಿ ಬುಟ್ಟಿ, ಮತ್ತು ದಿನಾಲೂ ಮೂರು ಸಲ ಬೇಡ ಎಂದು ಎರಡು ರೊಟ್ಟಿ ಉಣ್ಣುವ ಒಬ್ಬ ಗಿರಾಕಿ.