ನಲವತ್ತಾರು ಕಿಲೋ

ಅಕ್ಕನ ತೂಕ ಇಳಿದಿದೆ ಎಂದು ಅಪ್ಪನಿಗೆ ಒಂದು ಮಾತು ಹೇಳಬೇಕಿತ್ತು. ನಾನು ಹೇಳಲಿಲ್ಲ. ಹೇಳಿದ್ದರೆ ಅವಳ ಎಡಗೈಯ ಎರಡು ಬೆರಳು ಇವತ್ತು ನೆಟ್ಟಗಿರುತ್ತಿದ್ದವು.

ಗೋವಿನಕೋವಿಯ ಹತ್ತಿರ ನಮಗೆ ಒಂದೂವರೆ ಎಕರೆ ಇತ್ತು. ಅವ್ವ ಇರಲಿಲ್ಲ. ಅಪ್ಪ, ಅಕ್ಕ, ನಾನು ಮೂವರೇ. ನನಗೆ ಹದಿನೇಳು, ಅಕ್ಕನಿಗೆ ಹತ್ತೊಂಬತ್ತು. ಆ ವರ್ಷ ಅಪ್ಪ ಜಗಳೂರಿನ ಕಡೆಯಿಂದ ಹನ್ನೆರಡು ಟಗರು ಮರಿ ತಂದ. ಲಗೇಜ್ ಆಟೋದಲ್ಲಿ ಒಂದರ ಮೇಲೊಂದು ತುಳಿದಾಡಿ ಒಂದು ಮರಿಯ ಕಿವಿ ಹರಿದಿತ್ತು. ಅಕ್ಕ ಅದಕ್ಕೆ ಅರಿಶಿನ ಹಚ್ಚಿದಳು. ಮೇವು, ನೀರು, ಹಿಂಡಿ ಎಲ್ಲ ಅವಳ ಪಾಲಿಗೆ ಬಂತು. ನಾನು ಏಳನೇ ಕ್ಲಾಸಿನವರೆಗೆ ಓದಿದ್ದರಿಂದ ತೂಕ ಬರೆಯುವುದು ನನ್ನ ಪಾಲಿಗೆ ಬಂತು.

ನಮ್ಮ ಕಡೆ ಮರಿಯನ್ನು ಜೋಲಿಯಲ್ಲಿ ಹಾಕಿ ಕೊಕ್ಕೆ ತಕ್ಕಡಿಗೆ ತೂಗುಬಿಡುತ್ತಾರೆ. ಅಪ್ಪ ಅದಕ್ಕೆ ಒಪ್ಪಲಿಲ್ಲ.

"ಜೀವ ಇರೋದನ್ನ ಕೊಕ್ಕೆಗೆ ಹಾಕಬಾರ್ದು ಕಣಲೇ. ನೇತು ಹಾಕೋದು ಕೊಯ್ದ ಮ್ಯಾಲೆ" ಎಂದ. ಮರಿಗಳ ಮೇಲೆ ಅವನಿಗೆ ಅಷ್ಟು ಕರುಣೆ.

ಹೊನ್ನಾಳಿಯ ಗುಜರಿ ಅಂಗಡಿಯಿಂದ ಮನುಷ್ಯರು ನಿಂತು ತೂಕ ನೋಡಿಕೊಳ್ಳುವ ಮಷೀನು ತಂದ. ಅಕ್ಕ ಮರಿಯನ್ನು ಎದೆಗೆ ಅವುಚಿಕೊಂಡು ಅದರ ಮೇಲೆ ನಿಲ್ಲಬೇಕು. ನಾನು ಕುಕ್ಕರುಗಾಲಲ್ಲಿ ಕೂತು ಮುಳ್ಳು ನೋಡಿ, ಅಕ್ಕನ ತೂಕ ಕಳೆದು, ಉಳಿದದ್ದನ್ನು ಬರೆಯಬೇಕು. ಮೊದಲ ದಿನ ಅವಳನ್ನು ಬರಿಗೈಯಲ್ಲಿ ನಿಲ್ಲಿಸಿದೆವು. ನಲವತ್ತಾರು ಕಿಲೋ. ಪುಸ್ತಕದ ರಟ್ಟಿನ ಮೇಲೆ ದೊಡ್ಡದಾಗಿ ಬರೆದೆ. ಆಮೇಲೆ ಅವಳನ್ನು ಯಾರೂ ತೂಗಲಿಲ್ಲ. ಬೆಳೆಯುವುದು ಮರಿ, ಮನುಷ್ಯರ ತೂಕ ಇದ್ದಲ್ಲೇ ಇರುತ್ತದೆ ಎಂದು ಮೂವರೂ ತಿಳಿದಿದ್ದೆವು.

ಪ್ರತಿ ಸೋಮವಾರ ಬೆಳಿಗ್ಗೆ, ಮೇವು ಹಾಕುವ ಮುಂಚೆ ತೂಕ. ಮೊದಲ ಎರಡು ವಾರ ಒಂದೊಂದು ಮರಿಯೂ ಒಂದೊಂದು ಕಿಲೋ ಏರಿತು. ಮೂರನೇ ವಾರ ಅಕ್ಕನಿಗೆ ಜ್ವರ ಬಂದು ನಾಲ್ಕು ದಿನ ಗಂಜಿಯೂ ಇಳಿಯಲಿಲ್ಲ. ಜ್ವರದಲ್ಲೂ ಅವಳು ಮೇವು ತಪ್ಪಿಸಲಿಲ್ಲ. ಆದರೂ ಆ ಸೋಮವಾರ ಹನ್ನೆರಡೂ ಮರಿ ಇಳಿದಿದ್ದವು.

"ನೆಟ್ಟಗೆ ಕಳೆದೀಯೇನಲೇ?" ಅಪ್ಪ ಕೇಳಿದ.

"ಹೂಂ ಅಪ್ಪ. ಎರಡು ಸಲ ನೋಡೀನಿ."

ಅವನು ಅಕ್ಕನ ಕಡೆ ತಿರುಗಿದ. "ಹಂಗಾರೆ ಹಿಂಡಿ ಎಲ್ಲಿಗೆ ಹೋತು? ನೀನೇ ತಿಂತೀಯೇನು?"

"ಹಾಕೀನಪ್ಪ. ಬಾನಿ ನೆಕ್ಕಂಗೆ ತಿಂದಾವೆ."

ಮರಿ ಕಟ್ಟುವ ಹಗ್ಗ ನೀರಿನ ಬಕೆಟ್ಟಿನಲ್ಲಿ ನೆನೆದಿತ್ತು. ಅದನ್ನೇ ಎಳೆದುಕೊಂಡ. ಮೊದಲ ಏಟಿಗೆ ಅಕ್ಕ ತೋಳಿನಲ್ಲಿದ್ದ ಮರಿಯನ್ನು ಬಿಡಲಿಲ್ಲ. ಬಿಟ್ಟರೆ ಅದರ ಕಾಲು ಮುರಿದೀತೆಂದು ಬಗ್ಗಿ ಇಳಿಸಿದಳು. ಬಗ್ಗಿದ ಬೆನ್ನಿನ ಮೇಲೆ ಉಳಿದ ಏಟು ಬಿದ್ದವು. ಮರಿಗಳು ಕೂಗಿ ಒಂದರ ಮೇಲೊಂದು ಹತ್ತಿದವು. ಅಪ್ಪ ದಣಿದು ಹಗ್ಗ ಬಿಸಾಕಿ, "ಮರಿ ಮೈ ಹತ್ತೋ ತನಕ ಸಂಜೀಕೆ ನಿಂಗೆ ಊಟ ಇಲ್ಲ" ಎಂದ.

ಒಂದು ಹೊತ್ತು ಉಂಡು ಅವಳು ಇನ್ನಷ್ಟು ಇಳಿದಳು. ಅವಳು ಇಳಿದಷ್ಟೂ ನನ್ನ ಪುಸ್ತಕದಲ್ಲಿ ಮರಿಗಳು ಏರಲಿಲ್ಲ. ಅವು ಏರದಿದ್ದುದಕ್ಕೆ ಮತ್ತೆ ಹಗ್ಗ ಬಂತು, ಮತ್ತೆ ಊಟ ಹೋಯಿತು. ಒಂದು ಸೋಮವಾರ ಅಪ್ಪ ಅವಳ ತಲೆಯನ್ನು ಹಿಂಡಿ ಹಾಕುವ ಬಾನಿಗೆ ಒತ್ತಿ, "ತಿನ್ನು, ಮರಿ ಪಾಲು ತಿಂದು ರೂಢಿ ಐತಲ್ಲ ನಿಂಗೆ" ಎಂದ. ಮುಖ ಎತ್ತಿದಾಗ ಹಲ್ಲಿನ ಸಂದಿಯಿಂದ ರಕ್ತವೂ ಶೇಂಗಾ ಹಿಂಡಿಯೂ ಒಟ್ಟಿಗೆ ಇಳಿಯುತ್ತಿದ್ದವು. ಕಿವಿ ಹರಿದ ಮರಿ ಬಂದು ಅವಳ ಗಲ್ಲ ನೆಕ್ಕಿತು.

ಆರನೇ ವಾರ ನನಗೆ ಗೊತ್ತಾಯಿತು. ಒಂದು ಮರಿ ಹಿಂದೆ ಬೀಳಬಹುದು. ಹನ್ನೆರಡೂ ಒಂದೇ ಅಳತೆಗೆ ಹಿಂದೆ ಬೀಳುವುದು ಹೇಗೆ? ಅವತ್ತು ಒಂದು ಮರಿ ಇಳಿಸಿ ಇನ್ನೊಂದಕ್ಕೆ ಕೈ ಚಾಚುವ ಮುಂಚೆ ಅಕ್ಕ ಒಂದು ಗಳಿಗೆ ಮಷೀನಿನ ಮೇಲೆ ಬರಿಗೈಯಲ್ಲಿ ನಿಂತಳು. ಮುಳ್ಳು ನಲವತ್ತೊಂದರಲ್ಲಿ ನಿಂತಿತು. ಅವಳಿಗೆ ಅಂಕಿ ಓದಲು ಬರುತ್ತಿರಲಿಲ್ಲ. ಅಪ್ಪ ಬೇಲಿಯ ಹತ್ತಿರ ಬೀಡಿ ಹಚ್ಚುತ್ತಿದ್ದ. ನೋಡಿದವನು ನಾನೊಬ್ಬನೇ. ಮುಂದಿನ ಮರಿಗೂ ನಲವತ್ತಾರನ್ನೇ ಕಳೆದೆ.

ಹೇಳಿದರೆ ಮೂರು ವಾರ ತಪ್ಪು ಲೆಕ್ಕ ಬರೆದವನು ನಾನಾಗುತ್ತಿದ್ದೆ. ಹಗ್ಗ ನನ್ನ ಕಡೆ ತಿರುಗುತ್ತಿತ್ತು. ಚಿಕ್ಕಂದಿನಿಂದ ಅಪ್ಪನ ಕೈ ಇಬ್ಬರ ಮೇಲೂ ಬರುತ್ತಿತ್ತು. ಮರಿಗಳು ಬಂದ ಮೇಲೆ ಅವಳ ಮೇಲೆ ಮಾತ್ರ ಬರುತ್ತಿತ್ತು. ಅದು ನನಗೆ ಹಾಯೆನಿಸಿತ್ತು. ಇದನ್ನು ಬರೆಯಲು ಇಷ್ಟು ವರ್ಷ ಹಿಡಿಯಿತು.

ಏಳನೇ ವಾರ ಅಪ್ಪ ಪುಸ್ತಕ ನೋಡಿ ನನ್ನ ಕೈಗೆ ವಾಪಸು ಕೊಟ್ಟ. ಅಕ್ಕ ಹಿಂಡಿ ತೆಗೆಯಲು ಮರದ ಪೆಟ್ಟಿಗೆಗೆ ಕೈ ಹಾಕಿದ್ದಳು. ಅವನು ಹಿಂದಿನಿಂದ ಹೋಗಿ ಮುಚ್ಚಳವನ್ನು ಕಾಲಿನಿಂದ ಒದ್ದು ಮುಚ್ಚಿದ. ಒಣ ಕಡ್ಡಿ ಮುರಿದ ಸದ್ದು ಬಂತು. ಅಕ್ಕ ಕೂಗಲಿಲ್ಲ, ಗಟ್ಟಿಯಾಗಿ ಉಸಿರು ಒಳಗೆಳೆದುಕೊಂಡಳು, ಅಷ್ಟೇ. ಅಪ್ಪ ಮುಚ್ಚಳದ ಮೇಲೆ ಕಾಲಿಟ್ಟುಕೊಂಡೇ, "ಇನ್ನು ಕದೀತೀಯೇನು?" ಎಂದ. ನಾನು ನಾಲ್ಕು ಹೆಜ್ಜೆ ದೂರದಲ್ಲಿ ಪುಸ್ತಕ ಹಿಡಿದು ನಿಂತಿದ್ದೆ. ಬೆರಳು ಕಟ್ಟಿಸಲು ನ್ಯಾಮತಿಗೆ ಕರೆದುಕೊಂಡು ಹೋದವನೂ ನಾನೇ. ಬಸ್ಸಿನಲ್ಲಿ ಪಕ್ಕದ ಹೆಂಗಸು ಕೇಳಿದ್ದಕ್ಕೆ, "ಟಗರು ಗುದ್ದಿತು" ಎಂದೆ.

ಹತ್ತನೇ ವಾರ ಮರಿ ಕೊಳ್ಳಲು ವ್ಯಾಪಾರಿ ಬಂದ. ಬೇವಿನ ಕೊಂಬೆಗೆ ತನ್ನ ಕೊಕ್ಕೆ ತಕ್ಕಡಿ ಕಟ್ಟಿದ. ಅಪ್ಪ ಮುಖ ತಿರುಗಿಸಿ ನಿಂತ. ಮೊದಲ ಮರಿ ಇಪ್ಪತ್ತೆರಡು ಕಿಲೋ ತೂಗಿತು. ನನ್ನ ಪುಸ್ತಕದಲ್ಲಿ ಹದಿನಾರಿತ್ತು.

ವ್ಯಾಪಾರಿ ಪುಸ್ತಕಕ್ಕೆ ಇಣುಕಿ ನಕ್ಕ. "ಏನ್ರೀ ಯಜಮಾನ್ರೆ, ನಿಮ್ ಮಷೀನು ಉಪವಾಸ ಗಿಪವಾಸ ಮಾಡ್ತೈತೇನು? ಮರಿ ಬಲೇ ಬೆಳೆದಾವೆ. ಯಾರ್ರೀ ಮೇಯ್ಸಿದ್ದು?"

ಅಪ್ಪನೂ ನಕ್ಕ. ಯಾರು ಎಂದು ಹೇಳಲಿಲ್ಲ.

ಆಟೋ ಹೋದ ಮೇಲೆ ಅಕ್ಕ ಬರಿದಾದ ಕೊಟ್ಟಿಗೆ ಗುಡಿಸುತ್ತಿದ್ದಳು. ಒಂದೇ ಕೈಯಲ್ಲಿ.

"ಲೆಕ್ಕ ತಪ್ಪೈತಂತ ನಿಂಗೆ ಮೊದ್ಲೇ ಗೊತ್ತಿತ್ತೇನೋ?" ಎಂದಳು.

"ಇಲ್ಲಕ್ಕ" ಎಂದೆ.

ಅವಳು ಮತ್ತೆ ಕೇಳಲಿಲ್ಲ. ಎರಡು ವರ್ಷಕ್ಕೆ ಅವಳನ್ನು ಉಬ್ರಾಣಿಗೆ ಮದುವೆ ಮಾಡಿ ಕೊಟ್ಟರು. ಅಪ್ಪ ತೀರಿಕೊಂಡಾಗ ಬಂದು, ಹೆಣದ ಕಾಲಿನ ಹತ್ತಿರ ಕೂತಿದ್ದು ಎದ್ದು ಹೋದಳು. ನಾನೂ ಹಬ್ಬಕ್ಕೆ ಅವಳ ಮನೆಗೆ ಹೋಗಿ ಉಂಡು ಬರುತ್ತಿದ್ದೆ, ಮಾತು ಎತ್ತುತ್ತಿರಲಿಲ್ಲ.

ಹೋದ ತಿಂಗಳು ಹೋದಾಗ ಅವಳ ಕೊಟ್ಟಿಗೆಯಲ್ಲಿ ಎಂಟು ಮರಿ ಇದ್ದವು. ನೆಲದ ಮೇಲೆ ಅಂಥದೇ ಮಷೀನು. ಅವಳೂ ಮರಿಯನ್ನು ಕೊಕ್ಕೆಗೆ ಹಾಕುವುದಿಲ್ಲ.

"ಬಾ, ನಿಮ್ ಭಾವ ಚನ್ನಗಿರಿಗೆ ಹೋಗ್ಯಾರೆ. ನೀನೇ ಮರಿ ಹಿಡ್ಕಂಡ್ ನಿಲ್ಲು" ಎಂದಳು. ನಾನು ಮರಿಗೆ ಬಗ್ಗಿದೆ. "ತಡಿ. ಮೊದ್ಲು ಬರಿಗೈಯಾಗ ನಿಲ್ಲು."

"ಯಾಕಕ್ಕ?"

"ನಮ್ಮನ್ಯಾಗ ಯಾರ್ ಹಿಡಿದ್ರೂ ವಾರ ವಾರ ಹಂಗೇ. ಮನುಷ್ಯನ್ನ ಮೊದ್ಲು ತೂಗೋದು, ಆಮ್ಯಾಲೆ ಮರಿ."

ನಿಂತೆ. ಅವಳೇ ಬಗ್ಗಿ ಮುಳ್ಳು ನೋಡಿದಳು. ಅಂಕಿಗಳನ್ನು ಮಗಳ ಹತ್ತಿರ ಕಲಿತಿದ್ದಾಳೆ. "ಎಪ್ಪತ್ತೊಂದು. ಉಂಡ್ಕಂಡ್ ಚೆನ್ನಾಗಿದೀಯ ಬಿಡು" ಎಂದು ಮರಿಯನ್ನು ಎತ್ತಿ ನನ್ನ ತೋಳಿಗೆ ಕೊಟ್ಟಳು. ಮಡಚಿಕೊಂಡೇ ಉಳಿದ ಎರಡು ಬೆರಳು ನನ್ನ ಮೊಣಕೈಗೆ ತಾಗಿದವು. ಮರಿಯ ಎದೆ ನನ್ನ ಎದೆಗೆ ಬಡಿಯುತ್ತಿತ್ತು. ಅದು ಅಡ್ಡ ಇದ್ದುದರಿಂದ ನನಗೆ ಮುಳ್ಳು ಕಾಣಲಿಲ್ಲ. ಅಕ್ಕನ ನಡುನೆತ್ತಿ ಮಾತ್ರ ಕಾಣುತ್ತಿತ್ತು, ಅಲ್ಲಲ್ಲಿ ಬೆಳ್ಳಗಾಗಿತ್ತು.

"ಅಲುಗಾಡಬ್ಯಾಡ" ಎಂದಳು.

"ಅಕ್ಕ, ನಂಗೆ ಗೊತ್ತಿತ್ತು. ಪೆಟ್ಟಿಗೆ ಮುಚ್ಚಳ ಬೀಳೋಕಿಂತ ಒಂದು ವಾರ ಮೊದ್ಲೇ ಗೊತ್ತಿತ್ತು. ಮುಳ್ಳು ನಲವತ್ತೊಂದ್ರಾಗಿತ್ತು, ನಾನು ನಲವತ್ತಾರೇ ಕಳೆದೆ. ನನಗೆ ಬೀಳೋದು ನಿನಗೆ ಬೀಳಲಿ ಅಂತ ಸುಮ್ನಿದ್ದೆ. ತಪ್ಪಾತು ಅಕ್ಕ."